ಬಿಸಿಲೇರಿದ ಮೇಲೆ ಬಂದ್ ಬೀಳುವ ಓಮ್ನಿ: ಸಾಮಾನು ಬದಲಿಸುವ ಮುಂಚೆ ಒಂದು ಬಲ್ಬ್ ಕಟ್ಟಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಕಾರಟಗಿ. ಮೈಕ್ ಸೆಟ್ ಮತ್ತು ಶಾಮಿಯಾನದ ಸಣ್ಣ ವ್ಯವಹಾರ ಇದೆ. ಸಾಮಾನು ಸಾಗಿಸಲು 1998ರ ಮಾರುತಿ ಓಮ್ನಿ ಇಟ್ಟುಕೊಂಡಿದ್ದೇನೆ. ಕಾರ್ಬುರೇಟರ್ ಗಾಡಿ, ಗ್ಯಾಸ್ ಕಿಟ್ ಇಲ್ಲ. ಬೆಳಿಗ್ಗೆ ಏನೂ ತೊಂದರೆ ಕೊಡುವುದಿಲ್ಲ. ಹನ್ನೊಂದು ಗಂಟೆ ದಾಟಿದ ಮೇಲೆ ಗಂಗಾವತಿ ಕಡೆ ಹೊರಟರೆ ಸಿದ್ದಾಪುರ, ಶ್ರೀರಾಮನಗರದ ಆಸುಪಾಸಿನಲ್ಲಿ ಎಂಜಿನ್ ಬಂದ್ ಬೀಳುತ್ತದೆ. ಹೆಚ್ಚಿನ ಸಲ ಯಾರೋ ಕೀ ತಿರುಗಿಸಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗದ ಹಾಗೆ ಸ್ಟಾರ್ಟ್. ಕೆಲವು ವಾರ ಸುಮ್ನೆ ಇರುತ್ತದೆ, ಮತ್ತೆ ಶುರು. ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್, ಬ್ಯಾಟರಿ ಎಲ್ಲ ಬದಲಿಸಿದ್ದಾಯ್ತು. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದರು. ಈಗ ಒಬ್ಬರು ಡಿಸ್ಟ್ರಿಬ್ಯೂಟರ್ ಪೂರ್ತಿ ಹೊಸದು ಹಾಕಿ ಅಂತಾರೆ, ಇನ್ನೊಬ್ಬರು ಗುಜರಿಗೆ ಹಾಕಿ ಅಂತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಭಾಗ) ತರಬೇಡಿ. ಬೇರೆ ಯಾವ ಸಾಮಾನೂ ತರಬೇಡಿ. ಗುಜರಿಯ ಮಾತಂತೂ ಬೇಡವೇ ಬೇಡ.

ನಿಮ್ಮ ಗಾಡಿಗೆ ಏನಾಗಿದೆ ಅಂತ ಇನ್ನೂ ಯಾರೂ ನೋಡಿಲ್ಲ. ಪ್ಲಗ್ ಹಾಕಿದವರು ಪ್ಲಗ್ ಕೆಟ್ಟದ್ದನ್ನು ಕಂಡು ಹಾಕಿದ್ದಲ್ಲ. ಪಂಪ್ ಹಾಕಿದವರು ಪಂಪ್ ನಿಂತದ್ದನ್ನು ಕಂಡು ಹಾಕಿದ್ದಲ್ಲ. ಅವರ ಅಂಗಡಿ ಮುಂದೆ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಓಡುತ್ತಿರುವ ಗಾಡಿಯಲ್ಲಿ ಈ ದೋಷ ಸಿಗುವುದಿಲ್ಲ. ಅದು ಸಿಗುವುದು ರಸ್ತೆ ಪಕ್ಕದಲ್ಲಿ, ಎಂಜಿನ್ ನಿಂತ ಆ ಇಪ್ಪತ್ತು ನಿಮಿಷದಲ್ಲಿ. ಆ ಹೊತ್ತಿಗೆ ಗಾಡಿಯ ಹತ್ತಿರ ಇರುವವರು ನೀವು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಅರ್ಧ ಕೆಲಸ ನೀವೇ ಮಾಡಬೇಕಾಗುತ್ತದೆ. ಕಷ್ಟವೇನಿಲ್ಲ, ಹೇಳುತ್ತೇನೆ.

ಮೊದಲು ಒಂದು ಮಾತು. ನಿಂತು ಆರಿದ ಮೇಲೆ ಸ್ಟಾರ್ಟ್ ಆಗುತ್ತದೆ ಅನ್ನುವುದನ್ನೇ ಎಲ್ಲರೂ ದೊಡ್ಡ ಸುಳಿವು ಅಂತ ಹಿಡಿದುಕೊಳ್ಳುತ್ತಾರೆ. ಅದರಿಂದ ತಿಳಿಯುವುದು ಬಹಳ ಕಡಿಮೆ. ಕಾಯಿಲ್ (ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಏರಿಸುವ ಭಾಗ) ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಂಡಿದ್ದರೆ ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ನಿಂತಿದ್ದರೆ ಆರಿದಾಗ ಮತ್ತೆ ಪೆಟ್ರೋಲ್ ಆಗುತ್ತದೆ. ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಂಟಿಕೊಂಡಿದ್ದರೆ, ಪಂಪ್ ಎಳೆಯುವುದು ನಿಂತ ಮೇಲೆ ಕಸ ಕೆಳಗೆ ಬೀಳುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ, ಸಂದಿಯಲ್ಲಿ ಎಲ್ಲೋ ನಿಧಾನವಾಗಿ ಗಾಳಿ ಒಳಗೆ ಸೇರುತ್ತದೆ. ದೋಷ ನಾಲ್ಕು, ನಾಲ್ಕಕ್ಕೂ ಇಪ್ಪತ್ತು ನಿಮಿಷ ಬಿಟ್ಟರೆ ಗಾಡಿ ಸ್ಟಾರ್ಟ್. ನಿಮಗೆ ಇಷ್ಟು ಸಾಮಾನು ಹಾಕಿಸಿದ್ದರ ಮೂಲ ಇದೇ. ಪ್ರತಿಯೊಬ್ಬರೂ ಬಿಸಿಗೆ ಕೆಡುವ ಒಂದೊಂದು ಸಾಮಾನನ್ನು ಊಹಿಸಿದರು, ಅಷ್ಟೇ.

ಎಂಜಿನ್ ಓಡಬೇಕಾದರೆ ಪೆಟ್ರೋಲ್ ಬರಬೇಕು, ಸರಿಯಾದ ಹೊತ್ತಿಗೆ ಪ್ಲಗ್ಗಿಗೆ ಕರೆಂಟ್ ಬರಬೇಕು. ನಿಂತಾಗ ಈ ಎರಡರಲ್ಲಿ ಯಾವುದು ಇಲ್ಲ ಅಂತ ಗೊತ್ತಾದರೆ ಹುಡುಕಾಟ ಅಲ್ಲಿಗೇ ಅರ್ಧ ಆಗುತ್ತದೆ.

ನೀವು ಬರೆದ ಮಾತಲ್ಲೇ ಒಂದು ಒಳ್ಳೆಯ ಸುಳಿವಿದೆ. ಕೀ ತಿರುಗಿಸಿದ ಹಾಗೆ ಒಮ್ಮೆಗೇ ನಿಲ್ಲುತ್ತದೆ ಅಂದಿದ್ದೀರಿ. ಪೆಟ್ರೋಲ್ ಕಡಿಮೆಯಾಗಿ ನಿಲ್ಲುವ ಗಾಡಿ ಸಾಮಾನ್ಯವಾಗಿ ಹಾಗೆ ನಿಲ್ಲುವುದಿಲ್ಲ. ಕಾರ್ಬುರೇಟರಿನ ಬಟ್ಟಲಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ. ಅದು ಮುಗಿಯುವವರೆಗೆ ಗಾಡಿ ಎಳೆಯುತ್ತದೆ, ಜಗ್ಗಾಡುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮುತ್ತದೆ, ಪಿಕಪ್ ಬೀಳುತ್ತದೆ, ಆಮೇಲೆ ನಿಲ್ಲುತ್ತದೆ. ಕರೆಂಟ್ ಹೋದರೆ ಮಾತ್ರ ಒಂದೇ ಏಟಿಗೆ ಸ್ತಬ್ಧ. ಹಾಗಾಗಿ ನನ್ನ ಅನುಮಾನ ಕರೆಂಟಿನ ಕಡೆಗೇ ಜಾಸ್ತಿ. ಆದರೆ "ಹೆಚ್ಚಿನ ಸಲ" ಅಂತ ಬರೆದಿದ್ದೀರಿ. ಉಳಿದ ಸಲ ಹೇಗೆ ನಿಂತಿತು ಅನ್ನುವುದು ನನಗೆ ಬಹಳ ಮುಖ್ಯ. ಒಂದು ಪುಟ್ಟ ನೋಟ್‌ಬುಕ್ ಗಾಡಿಯಲ್ಲೇ ಇಡಿ. ನಿಂತಾಗ ಗಂಟೆ ಎಷ್ಟು, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಯಾವ ಗೇರ್, ಗುಂಡಿ ಹಾರಿಸಿದ ಮೇಲೆಯೋ ಸಪಾಟು ರಸ್ತೆಯಲ್ಲೋ, ಜಗ್ಗಾಡಿತೋ ಇಲ್ಲವೋ, ಇಷ್ಟು ಬರೆಯಿರಿ. ಹಳೇ ಗಾಡಿಯಲ್ಲಿ ಎರಡು ದೋಷ ಒಟ್ಟಿಗೆ ಇರುವುದೂ ಉಂಟು.

ಈಗ ಬಲ್ಬಿನ ವಿಷಯ. ಆಟೋ ಎಲೆಕ್ಟ್ರಿಕ್ ಅಂಗಡಿಯಲ್ಲಿ 12 ವೋಲ್ಟ್, 5 ವ್ಯಾಟಿನ ಪಾರ್ಕಿಂಗ್ ಬಲ್ಬ್ ಸಿಗುತ್ತದೆ. ಅದಕ್ಕೊಂದು ಹೋಲ್ಡರ್, ಎರಡು ವೈರ್, ಒಂದು ಸಣ್ಣ ಫ್ಯೂಸ್. ಒಂದು ವೈರನ್ನು ಇಗ್ನಿಷನ್ ಕಾಯಿಲಿನ ಪ್ಲಸ್ ಬದಿಗೆ ಹಾಕಿಸಿ, ಇನ್ನೊಂದನ್ನು ಬಾಡಿಗೆ ಅರ್ಥ್ ಮಾಡಿಸಿ. ಬಲ್ಬನ್ನು ಡ್ಯಾಶ್‌ಬೋರ್ಡ್ ಮೇಲೆ, ಓಡಿಸುವಾಗ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿ. ಫ್ಯೂಸ್ ಕಾಯಿಲಿನ ಬದಿಯಲ್ಲೇ ಇರಲಿ, 2 ಆಂಪಿಯರ್ ಸಾಕು. ಫ್ಯೂಸ್ ಇಲ್ಲದೆ ಈ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ನಾವೇ ಹೊಸ ದೋಷ ಹುಟ್ಟಿಸಿದ ಹಾಗಾಗುತ್ತದೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ವೈರ್ ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಎಳೆಸಿ. ನೂರಿನ್ನೂರು ರೂಪಾಯಿಯ ಕೆಲಸ.

ಕೀ ಆನ್ ಮಾಡಿದಾಗ ಬಲ್ಬ್ ಉರಿಯಬೇಕು. ಕೆಲವು ಗಾಡಿಗಳಲ್ಲಿ ಕಾಯಿಲಿಗೆ ಮುಂಚೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ, ಅಂಥದ್ದರಲ್ಲಿ ಸ್ವಲ್ಪ ಮಂಕಾಗಿ ಉರಿಯುತ್ತದೆ. ಮೊದಲೆರಡು ದಿನ ಓಡಿಸಿ ಅದರ ಮಾಮೂಲಿ ಬೆಳಕು ಎಷ್ಟು ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳಿ.

ಇನ್ನು ಗಾಡಿ ನಿಂತಾಗ ಒಂದೇ ಒಂದು ಕಟ್ಟುನಿಟ್ಟು: ತಕ್ಷಣ ಕೀ ಮುಟ್ಟಬೇಡಿ. ಗಾಡಿ ನಿಂತ ಕೂಡಲೇ ನಮ್ಮ ಕೈ ಕೀ ಕಡೆ ಹೋಗುತ್ತದೆ, ಆಫ್ ಮಾಡಿ ಆನ್ ಮಾಡುತ್ತೇವೆ. ದೋಷ ಕೀ ಸ್ವಿಚ್ಚಿನ ಒಳಗೇ ಇದ್ದರೆ ಆ ಒಂದು ತಿರುವಿನಲ್ಲಿ ಅದು ಸರಿಹೋಗಿಬಿಡುತ್ತದೆ, ಸಾಕ್ಷಿ ಹೋಯಿತು. ಕ್ಲಚ್ ಒತ್ತಿ, ಗಾಡಿಯ ಓಟದಲ್ಲೇ ಎಡಕ್ಕೆ ತಂದು ನಿಲ್ಲಿಸಿ. ಉರುಳುತ್ತಿರುವಾಗ ಕೀ ಆಫ್ ಮಾಡಿ ಹಿಂದಕ್ಕೆ ತಿರುಗಿಸಿದರೆ ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಇದೆ. ಆ ಕಾರಣಕ್ಕೂ ಕೀ ಬಿಡಿ. ಬಲ್ಬ್ ನೋಡಿ. ಜೊತೆಗೆ ಮೀಟರಿನಲ್ಲಿ ಆಯಿಲ್ ಮತ್ತು ಚಾರ್ಜಿಂಗ್‌ನ ಕೆಂಪು ದೀಪ ಬಂದಿವೆಯೋ ಇಲ್ಲವೋ ನೋಡಿ. ಎಂಜಿನ್ ನಿಂತು ಕೀ ಆನ್‌ನಲ್ಲೇ ಇದ್ದರೆ ಆ ಎರಡೂ ಉರಿಯಬೇಕು.

ಬಲ್ಬೂ ಇಲ್ಲ, ಕೆಂಪು ದೀಪವೂ ಇಲ್ಲ ಅಂದರೆ ಕೀ ಸ್ವಿಚ್ಚಿಗೆ ಮುಂಚೆ ಅಥವಾ ಸ್ವಿಚ್ಚಿನಲ್ಲೇ ಕರೆಂಟ್ ಕಡಿದಿದೆ. ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಸ್ವಿಚ್ಚಿನ ಒಳಗಿನ ಸವೆದ ಕಾಂಟ್ಯಾಕ್ಟ್, ಸ್ಟೀರಿಂಗ್ ಕೆಳಗಿನ ಕನೆಕ್ಟರ್, ಈ ಸಾಲಿನಲ್ಲಿ ನೋಡಿ. ಕೀ ಗೊಂಚಲಿಗೆ ಮನೆ, ಅಂಗಡಿ, ಗೋಡೌನ್ ಕೀಗಳನ್ನೆಲ್ಲ ಸೇರಿಸಿದ್ದರೆ ಇವತ್ತೇ ಬೇರೆ ಮಾಡಿ. ಆ ಭಾರ ವರ್ಷಗಟ್ಟಲೆ ನೇತಾಡಿ ಸ್ವಿಚ್ಚನ್ನು ಸಡಿಲ ಮಾಡುತ್ತದೆ. ಸೆಲ್ಫ್ ತಿರುಗುತ್ತದೆ ಅಂದಿದ್ದೀರಿ, ಆದ್ದರಿಂದ ಬ್ಯಾಟರಿಯ ದಪ್ಪ ವೈರ್ ಸರಿಯಿದೆ. ಆದರೆ ಅಷ್ಟಕ್ಕೇ ಸ್ವಿಚ್ ಸರಿಯಿದೆ ಅನ್ನಬೇಡಿ. ಅದರೊಳಗೆ ಸೆಲ್ಫಿಗೆ ಒಂದು ಕಾಂಟ್ಯಾಕ್ಟ್, ಇಗ್ನಿಷನ್‌ಗೆ ಇನ್ನೊಂದು.

ಕೆಂಪು ದೀಪ ಇದೆ, ನಮ್ಮ ಬಲ್ಬ್ ಮಾತ್ರ ಆರಿದೆ ಅಂದರೆ ಸ್ವಿಚ್ಚಿನಿಂದ ಕಾಯಿಲಿನವರೆಗಿನ ವೈರಿನಲ್ಲಿ ದೋಷ. ಹಳೇ ಗಾಡಿಗಳಲ್ಲಿ ನಾನು ತುಂಬಾ ಸಲ ಕಂಡಿರುವುದು ಇದೇ. ಇದಕ್ಕೆ ಮುಖ್ಯ ಕಾರಣ ಆಮೇಲೆ ಸೇರಿಸಿದ ವೈರಿಂಗ್. ಒಂದು ಉದಾಹರಣೆ ಹೇಳುತ್ತೇನೆ. ರಾಯಚೂರಿನವರೊಬ್ಬರ ಮಾರುತಿ 800. ನಿಮ್ಮದೇ ಕಥೆ, ಮಧ್ಯಾಹ್ನವಷ್ಟೇ ನಿಲ್ಲುವುದು. ಬಲ್ಬ್ ಕಟ್ಟಿದೆವು. ಶಕ್ತಿನಗರದ ರಸ್ತೆಯಲ್ಲಿ ಗುಂಡಿ ಹಾರಿದಾಗಲೆಲ್ಲ ಬಲ್ಬ್ ಒಂದು ಕ್ಷಣ ಮಂಕಾಗುತ್ತಿತ್ತು. ಕಾಯಿಲಿನ ವೈರನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೋದರೆ ಅದು ಫ್ಯೂಸ್ ಡಬ್ಬಿಗೆ ಹೋಗುವ ಬದಲು ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಹಿಂದೆ ನುಸುಳಿತ್ತು. ಅಲ್ಲೊಂದು ಸಣ್ಣ ಸ್ವಿಚ್. ಹಿಂದಿನ ಮಾಲೀಕರು ಗಾಡಿ ಕಳುವಾಗದಿರಲಿ ಅಂತ ಗುಟ್ಟಾಗಿ ಹಾಕಿಸಿದ್ದರು, ಮಾರುವಾಗ ಹೇಳಿರಲಿಲ್ಲ. ವೈರ್ ಕತ್ತರಿಸಿ, ಎರಡು ತುದಿ ಕೈಯಲ್ಲೇ ಹೊಸೆದು, ಕಪ್ಪು ಟೇಪ್ ಸುತ್ತಿದ್ದರು. ಬಿಸಿಲಿಗೆ ಟೇಪಿನ ಅಂಟು ಕರಗಿ, ಟೇಪ್ ಕೊಳವೆಯ ಹಾಗೆ ಜಾರಿತ್ತು. ಒಳಗಿನ ತಾಮ್ರ ಹಸಿರುಗಟ್ಟಿ, ಎರಡು ಮೂರು ಎಳೆ ಮಾತ್ರ ತಾಗಿಕೊಂಡಿದ್ದವು. ಕಾಯಿಲಿಗೆ ಬೇಕಾಗುವುದು ಮೂರ್ನಾಲ್ಕು ಆಂಪಿಯರ್. ಅಷ್ಟು ಕರೆಂಟ್ ಆ ಎರಡೆಳೆಯಲ್ಲಿ ಹರಿದರೆ ಜಾಯಿಂಟ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಕೆಡುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಬಿಸಿಲಿನ ಕಾವು ಅದಕ್ಕೆ ಸೇರಿದರೆ ಮಧ್ಯಾಹ್ನವೇ ಯಾಕೆ ನಿಲ್ಲುತ್ತದೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ? ಸ್ವಿಚ್ ತೆಗೆದು, ವೈರ್ ಬೆಸುಗೆ ಹಾಕಿ, ಸ್ಲೀವ್ ಹಾಕಿದ ಮೇಲೆ ಆ ಗಾಡಿ ನಿಲ್ಲಲಿಲ್ಲ. ಅದಕ್ಕೂ ಮುಂಚೆ ಆ ಮನುಷ್ಯ ಎರಡು ಕಾಯಿಲ್ ಹಾಕಿಸಿದ್ದರು.

ನಿಮ್ಮದು ಮೈಕ್ ಸೆಟ್ ಗಾಡಿ ಅನ್ನುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಂಪ್ಲಿಫೈಯರ್, ಟೇಪ್, ಹೆಚ್ಚುವರಿ ಹಾರ್ನ್, ಒಳಗಿನ ಎಲ್‌ಇಡಿ ಪಟ್ಟಿ, ಮೊಬೈಲ್ ಚಾರ್ಜರ್, ಇವಕ್ಕೆಲ್ಲ ಕರೆಂಟ್ ಎಲ್ಲಿಂದ ಎಳೆದಿದ್ದಾರೆ ನೋಡಿ. ಸುಲಭಕ್ಕೆ ಸಿಗುತ್ತದೆ ಅಂತ ಇಗ್ನಿಷನ್ ವೈರಿಗೇ ಗಂಟು ಹಾಕಿರುತ್ತಾರೆ. ಅವೆಲ್ಲವನ್ನೂ ಬಿಡಿಸಿ, ಬ್ಯಾಟರಿಯಿಂದ ನೇರವಾಗಿ, ಬೇರೆ ಫ್ಯೂಸ್ ಮೂಲಕ ಕೊಡಿಸಿ. ಆಂಪ್ಲಿಫೈಯರಿಗೆ ಅದರ ಭಾರಕ್ಕೆ ತಕ್ಕ ದಪ್ಪ ವೈರ್ ಬೇಕು. ಕಾಯಿಲಿನ ವೈರ್ ಕಾಯಿಲಿಗೆ ಮಾತ್ರ ಇರಲಿ. ದೋಷ ಇನ್ನೆಲ್ಲಿಯಾದರೂ ಸಿಗಲಿ, ಈ ಕೆಲಸ ಹೇಗೂ ಆಗಬೇಕು. ಹೊಸೆದ ಜಾಯಿಂಟಿನಿಂದ ಗಾಡಿ ನಿಲ್ಲುವುದಷ್ಟೇ ಅಲ್ಲ, ಬೆಂಕಿಯೂ ಹತ್ತುತ್ತದೆ. ನಿಮ್ಮ ಗಾಡಿಯಲ್ಲಿ ಶಾಮಿಯಾನದ ಬಟ್ಟೆ ತುಂಬಿರುತ್ತದೆ.

ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಇನ್ನೊಂದು ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಾಯಿಲಿನ ಪ್ಲಸ್‌ಗೆ. ರೆಸಿಸ್ಟರ್ ಇಲ್ಲದ ಗಾಡಿಯಾದರೆ ಅರ್ಧ ವೋಲ್ಟಿನ ಒಳಗೆ ತೋರಿಸಬೇಕು. ಒಂದು, ಒಂದೂವರೆ ತೋರಿಸಿದರೆ ದಾರಿಯಲ್ಲಿ ಎಲ್ಲೋ ಕೆಟ್ಟ ಜಾಯಿಂಟಿನಲ್ಲಿ ವೋಲ್ಟೇಜ್ ಕಳೆದುಹೋಗುತ್ತಿದೆ. ಅದೇ ರೀತಿ ಎಂಜಿನ್ ಬ್ಲಾಕಿಗೂ ಬ್ಯಾಟರಿಯ ಮೈನಸ್‌ಗೂ ಮಧ್ಯೆ, ಸೆಲ್ಫ್ ಹೊಡೆಯುವಾಗ, ಅರ್ಧ ವೋಲ್ಟ್ ಮೀರಬಾರದು. ಮೀರಿದರೆ ಎಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ಹಳೇ ಗಾಡಿಗೆ ಪೇಂಟ್ ಹೊಡೆಸುವಾಗ ಈ ಪಟ್ಟಿಯ ಬೋಲ್ಟ್ ಕೆಳಗೂ ಪೇಂಟ್ ಹೋಗಿರುತ್ತದೆ.

ಬಲ್ಬ್ ಸರಿಯಾಗಿಯೇ ಉರಿಯುತ್ತಿದೆ, ಎಂಜಿನ್ ಮಾತ್ರ ಸತ್ತಿದೆ ಅಂದರೆ ಪ್ಲಗ್ಗಿನ ಪರೀಕ್ಷೆಗೆ ಬನ್ನಿ. ಅದಕ್ಕೆ ಗಾಡಿಯಲ್ಲಿ ಒಂದು ಒಳ್ಳೆಯ ಪ್ಲಗ್, ಎರಡು ತುದಿಗೂ ಕ್ಲಿಪ್ ಇರುವ ಒಂದು ವೈರ್, ಪ್ಲೈಯರ್ ಇಟ್ಟಿರಬೇಕು. ಮೊದಲು ಮೂಗು ಉಪಯೋಗಿಸಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ, ಎಲ್ಲಾದರೂ ಹನಿಯುತ್ತಿದ್ದರೆ ಕಿಡಿಯ ಪರೀಕ್ಷೆ ಬೇಡ. ವಾಸನೆ ಇಲ್ಲವೆಂದರೆ ಕೀ ಆಫ್ ಮಾಡಿ, ಕಾಯಿಲಿನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡು ತೂತಿನಿಂದ ಕಿತ್ತು ಆ ಪ್ಲಗ್ಗಿಗೆ ಸಿಕ್ಕಿಸಿ. ಪ್ಲಗ್ಗಿನ ಮೈಯನ್ನು ಕ್ಲಿಪ್ ವೈರಿನಿಂದ ಎಂಜಿನ್ ಕಬ್ಬಿಣಕ್ಕೆ ಗಟ್ಟಿಯಾಗಿ ಸೇರಿಸಿ, ಕೈ ದೂರ ಇಟ್ಟು, ಹುಡುಗನಿಗೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಟಕ್ ಟಕ್ ಅಂತ ನೀಲಿ ಕಿಡಿ ಹಾರಬೇಕು. ದಪ್ಪ ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಬೇಡಿ, ಎಲೆಕ್ಟ್ರಾನಿಕ್ ಇಗ್ನೈಟರ್ (ಕಾಯಿಲಿನ ಕರೆಂಟನ್ನು ಆನ್ ಆಫ್ ಮಾಡುವ ಭಾಗ) ಇದ್ದರೆ ಸುಟ್ಟುಹೋದೀತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು.

ಕಿಡಿ ಇಲ್ಲವಾ? ದೋಷ ಕಾಯಿಲ್ ಅಥವಾ ಅದನ್ನು ಆನ್ ಆಫ್ ಮಾಡುವ ಭಾಗದಲ್ಲಿದೆ. ಯಾವುದು ಅಂತ ಬಲ್ಬೇ ಹೇಳುತ್ತದೆ. ಇನ್ನೊಂದು ಟೆಸ್ಟ್ ಬಲ್ಬನ್ನು ಕಾಯಿಲಿನ ಮೈನಸ್ ಬದಿಗೂ ಬಾಡಿಗೂ ಹಿಡಿದು, ಪ್ಲಗ್ ಹಾಗೇ ಅರ್ಥ್ ಆಗಿರುವಂತೆಯೇ ಸೆಲ್ಫ್ ಹೊಡೆಸಿ. ಮಿಣುಕುತ್ತಿದ್ದರೆ ಡಿಸ್ಟ್ರಿಬ್ಯೂಟರ್ ತನ್ನ ಕೆಲಸ ಮಾಡುತ್ತಿದೆ, ಕಾಯಿಲ್ ಅಥವಾ ಆ ದಪ್ಪ ವೈರ್ ಸೋತಿದೆ. ಮಿಣುಕದೆ ಒಂದೇ ಸಮ ಉರಿದರೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ (ತೆರೆದು ಮುಚ್ಚುವ ಸಣ್ಣ ಸ್ವಿಚ್), ಇಲ್ಲವೇ ಅದರ ಬದಲು ಇರುವ ಪಿಕಪ್ ಕಾಯಿಲ್ (ಇಗ್ನೈಟರಿಗೆ ಸಿಗ್ನಲ್ ಕೊಡುವ ಪುಟ್ಟ ಸುರುಳಿ) ಮತ್ತು ಇಗ್ನೈಟರ್ ಕೆಲಸ ನಿಲ್ಲಿಸಿವೆ. ಪ್ಲಸ್‌ನಲ್ಲಿ ಕರೆಂಟ್ ಇದ್ದೂ ಮೈನಸ್‌ನಲ್ಲಿ ಉರಿಯಲೇ ಇಲ್ಲವೆಂದರೆ ಕಾಯಿಲ್ ಒಳಗೆ ಕಡಿದಿದೆ, ಅಥವಾ ಮೈನಸ್ ವೈರ್ ಎಲ್ಲೋ ಬಾಡಿಗೆ ತಾಗಿದೆ.

ಕಾಯಿಲ್ ಹೊಸದು ಅಂತ ಅದನ್ನು ಅನುಮಾನದಿಂದ ಬಿಡಬೇಡಿ. ಕಾಯಿಲಿನಲ್ಲಿ ಎರಡು ಬಗೆ. ರೆಸಿಸ್ಟರ್ ಜೊತೆ ಹಾಕುವುದರ ತಡೆ ಸುಮಾರು ಒಂದೂವರೆ ಓಮ್, ರೆಸಿಸ್ಟರ್ ಇಲ್ಲದೆ ಪಾಯಿಂಟಿಗೆ ಹಾಕುವುದರದ್ದು ಸುಮಾರು ಮೂರು. ನೋಡಲು ಎರಡೂ ಒಂದೇ ಡಬ್ಬಿ. ಒಂದೂವರೆಯದ್ದನ್ನು ರೆಸಿಸ್ಟರ್ ಇಲ್ಲದ ಪಾಯಿಂಟ್ ಗಾಡಿಗೆ ಹಾಕಿದರೆ ಎರಡರಷ್ಟು ಕರೆಂಟ್ ಹರಿದು, ಮುಟ್ಟಲಾಗದಷ್ಟು ಬಿಸಿಯಾಗಿ, ಅರ್ಧ ಗಂಟೆಯಲ್ಲಿ ಕೈಕೊಡುತ್ತದೆ. ಇಗ್ನೈಟರ್ ಇರುವ ಗಾಡಿಗಳ ಕಾಯಿಲ್ ತಡೆ ಕಡಿಮೆಯೇ ಇರುತ್ತದೆ, ಅಲ್ಲಿ ಅದು ದೋಷವಲ್ಲ. ಹಳೇ ಕಾಯಿಲ್ ಮನೆಯಲ್ಲಿದ್ದರೆ ಅದರ ಮೇಲಿನ ನಂಬರನ್ನು ಹೊಸದರ ಜೊತೆ ಹೋಲಿಸಿ. ಇನ್ನೊಂದು ವಿಷಯ. ತಣ್ಣಗಿರುವಾಗ ಮೀಟರ್ ಹಿಡಿದು "ಕಾಯಿಲ್ ಓಕೆ" ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಬಿಸಿ ಇರುವಾಗಲೂ ಅಳೆಯಬೇಕು. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಏರುತ್ತದೆ. 30 ಡಿಗ್ರಿಯಿಂದ 100ಕ್ಕೆ ಹೋದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. 3 ಓಮ್ ಇದ್ದದ್ದು 3.8 ಆದರೆ ಸಹಜ. ಒಮ್ಮೆಗೇ ಅಳತೆಯೇ ಸಿಗದೆ ಹೋದರೆ ಕಾಯಿಲ್ ಕೆಟ್ಟಿದೆ.

ಡಿಸ್ಟ್ರಿಬ್ಯೂಟರ್ ಬಗ್ಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ತಪ್ಪಲ್ಲ. ಆದರೆ ಇಡೀ ಡಿಸ್ಟ್ರಿಬ್ಯೂಟರ್ ಬದಲಿಸುವ ಮುಂಚೆ ಅದರ ಕ್ಯಾಪ್ ತೆಗೆದು ಒಳಗೊಂದು ವೈರ್ ನೋಡಿ. ಪಾಯಿಂಟ್ ಅಥವಾ ಪಿಕಪ್ ಕೂತಿರುವ ತಟ್ಟೆ ಒಂದೇ ಜಾಗದಲ್ಲಿ ಇರುವುದಿಲ್ಲ. ಪಕ್ಕದ ವ್ಯಾಕ್ಯೂಮ್ ಡಬ್ಬಿ ಎಳೆದಾಗಲೆಲ್ಲ ಅದು ಸ್ವಲ್ಪ ತಿರುಗುತ್ತದೆ. ನೀವು ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಇದು ನಡೆಯುತ್ತದೆ. ಆ ತಟ್ಟೆಯಿಂದ ಹೊರಗೆ ಬರುವ ಚಿಕ್ಕ ವೈರ್ ಪ್ರತಿ ಸಲ ಬಾಗುತ್ತದೆ. ಇಪ್ಪತ್ತೈದು ವರ್ಷ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ, ಹೊರಗಿನ ರಬ್ಬರ್ ಮಾತ್ರ ಹಾಗೇ ಇರುತ್ತದೆ. ಕಣ್ಣಿಗೆ ವೈರ್ ಸರಿಯಾಗಿದೆ ಅನ್ನಿಸುತ್ತದೆ. ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಒಂದು ಕಡೆ ರಬ್ಬರ್ ಸಪೂರವಾಗಿ ಹಿಗ್ಗುತ್ತದೆ. ತುಂಡಾದದ್ದು ಅಲ್ಲೇ. ಪಾಯಿಂಟ್ ಗಾಡಿಯಾದರೆ ಈ ವೈರ್ ಬದಲಿಸುವುದು ಬಹಳ ಅಗ್ಗದ ಕೆಲಸ. ಪಿಕಪ್ ಆದರೆ ಆ ಭಾಗ ಮಾತ್ರ ಸಿಗುತ್ತದಾ ಅಂತ ಬಳ್ಳಾರಿ, ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಪಿಕಪ್ ಅನುಮಾನ ಇದ್ದರೆ ಮೀಟರ್ ಹಚ್ಚಿಟ್ಟು ಕೂದಲು ಒಣಗಿಸುವ ಮಷೀನಿನಿಂದ ಬಿಸಿ ಗಾಳಿ ಊದಿ. ಬಿಸಿಯಾದಂತೆ ಅಳತೆ ಕಡಿದುಹೋದರೆ ಉತ್ತರ ಸಿಕ್ಕಂತೆ. ಅಂಗಡಿಯ ನೆರಳಲ್ಲಿ ಕೂತು ಮಧ್ಯಾಹ್ನದ ರಸ್ತೆಯ ಕಾವನ್ನು ತರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಕ್ಯಾಪ್, ರೋಟರ್ ಬಿರುಕು ಬಿಟ್ಟಿದ್ದರೆ ಸಾಮಾನ್ಯವಾಗಿ ಮಳೆಗಾಲದಲ್ಲಿ, ತೇವದಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಸಂಡೂರು ಕಡೆ ಅದಿರಿನ ಕೆಂಧೂಳು ಕ್ಯಾಪ್ ಮೇಲೆ ಕೂತು, ತೇವ ಸೇರಿದಾಗ ಕಿಡಿಗೆ ಅಡ್ಡದಾರಿ ಮಾಡಿಕೊಡುತ್ತದೆ. ನಿಮ್ಮದು ಒಣ ಬಿಸಿಲಿನ ತೊಂದರೆ, ಅದಕ್ಕೆ ಇದು ಹೊಂದುವುದಿಲ್ಲ. ಕ್ಯಾಪ್ ತೆಗೆದಾಗ ಒರೆಸಿ ನೋಡಿದರೆ ಸಾಕು.

ಕಿಡಿ ಚೆನ್ನಾಗಿದೆ, ಆದರೂ ಎಂಜಿನ್ ಇಲ್ಲ. ಆಗ ಪೆಟ್ರೋಲ್. ದಪ್ಪ ವೈರನ್ನು ಮತ್ತೆ ಅದರ ಜಾಗಕ್ಕೆ ಹಾಕಿ, ಕೀ ಆಫ್ ಮಾಡಿ, ಏರ್ ಕ್ಲೀನರಿನ ಮುಚ್ಚಳ ತೆಗೆದು ಕಾರ್ಬುರೇಟರಿನ ಗಂಟಲಿಗೆ ಟಾರ್ಚ್ ಬಿಡಿ. ಆಕ್ಸಿಲರೇಟರ್ ಲಿಂಕನ್ನು ಕೈಯಲ್ಲಿ ತಳ್ಳಿದರೆ ಒಳಗೆ ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಬಟ್ಟಲು ಖಾಲಿ. ಪಕ್ಕದಲ್ಲಿ ಪುಟ್ಟ ಗಾಜಿನ ಕಿಟಕಿ ಇರುವ ಕಾರ್ಬುರೇಟರ್ ಆದರೆ ಮಟ್ಟ ಅಲ್ಲೇ ಕಾಣುತ್ತದೆ. ಈ ಹೊತ್ತಿನಲ್ಲಿ ಕೆಲವರು ಬಾಟಲಿಯಿಂದ ಗಂಟಲಿಗೆ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುತ್ತಾರೆ. ದಯವಿಟ್ಟು ಬೇಡ. ಓಮ್ನಿಯಲ್ಲಿ ಆ ಬೆಂಕಿ ಏಳುವುದು ಸೀಟಿನ ಕೆಳಗೆ.

ಬಟ್ಟಲು ಖಾಲಿ ಅಂತಾದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ, ಕಿವಿಗೊಟ್ಟು. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಆಮೇಲೆ ಸ್ವಲ್ಪ ಸೆಲ್ಫಿಗೇ ಸ್ಟಾರ್ಟ್ ಆದರೆ ಗಾಳಿ ತೂತು ಕಟ್ಟಿದೆ. ನಮ್ಮ ಕಡೆಯ ಧೂಳಿಗೆ ಇದು ಹೊಸದಲ್ಲ. ಸದ್ದು ಬರದಿದ್ದರೆ ಒದ್ದೆ ಬಟ್ಟೆಯನ್ನು ಪೆಟ್ರೋಲ್ ಪಂಪ್ ಮತ್ತು ಅಲ್ಲಿಂದ ಹೋಗುವ ಪೈಪಿನ ಮೇಲೆ ಸುತ್ತಿ ಎರಡು ಮೂರು ನಿಮಿಷ ಬಿಡಿ. ಅಷ್ಟಕ್ಕೇ ಸ್ಟಾರ್ಟ್ ಆದರೆ ಪೆಟ್ರೋಲ್ ಆವಿಯಾಗುತ್ತಿದೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತವೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್ ಮೇನಲ್ಲಿ ಹೊರಗಿನ ಗಾಳಿಯೇ ಅದನ್ನು ಮೀರುತ್ತದೆ. ನಿಮ್ಮ ಗಾಡಿಯ ಪಂಪ್ ಎಂಜಿನ್ ಹೆಡ್ಡಿಗೇ ಕೂತು ಕ್ಯಾಮಿನಿಂದ ಓಡುವ ಜಾತಿಯದು. ಹೆಡ್ಡಿನ ಕಾವು ಪಂಪಿಗೆ ಏರದಿರಲಿ ಅಂತ ಮಧ್ಯೆ ಒಂದು ದಪ್ಪ ತುಂಡು ಕೂರಿಸಿರುತ್ತಾರೆ. ಪಂಪ್ ಬದಲಿಸಿದವರು ಅದನ್ನು ಬಿಟ್ಟು ಬರೀ ಕಾಗದದ ಪ್ಯಾಕಿಂಗ್ ಹಾಕಿದ್ದಾರಾ ನೋಡಿಸಿ. ಆ ದಪ್ಪದ ಮೇಲೆಯೇ ಪಂಪಿನ ಕಡ್ಡಿ ಎಷ್ಟು ಆಡಬೇಕು ಅನ್ನುವುದೂ ನಿಂತಿದೆ, ಆದ್ದರಿಂದ ಮನಸ್ಸಿಗೆ ಬಂದ ದಪ್ಪ ಹಾಕುವ ಹಾಗಿಲ್ಲ.

ಒದ್ದೆ ಬಟ್ಟೆಗೂ ಜಗ್ಗದಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ನೋಡಿ. ಈ ಭಾಗದಲ್ಲಿ ಪೆಟ್ರೋಲ್ ಎಳೆಸಿಕೊಂಡು ಬರುತ್ತದೆ. ಹಾಗಾಗಿ ಪೈಪ್ ಬಿರುಕು ಬಿಟ್ಟರೆ ಹೊರಗೆ ಹನಿಯುವುದು ಕಡಿಮೆ, ಒಳಗೆ ಏರ್ ಎಳೆಯುವುದು ಜಾಸ್ತಿ. ನೆಲ ಒಣಗಿದೆ ಅಂತ ಪೈಪ್ ಸರಿಯಿದೆ ಅನ್ನಬಾರದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. 1998ರ ರಬ್ಬರ್ ಪೈಪುಗಳನ್ನು ಅದಕ್ಕೆ ಅಂತ ಮಾಡಿರಲಿಲ್ಲ. ಅವು ಉಬ್ಬುತ್ತವೆ, ಒಳಗೆ ಪದರ ಏಳುತ್ತದೆ, ಆಮೇಲೆ ಸೆಡೆತು ಬಿರಿಯುತ್ತವೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಎಥನಾಲಿಗೆ ತಡೆಯುವ ಹೊಸ ಪೈಪ್ ಎಲ್ಲ ಕಡೆ ಹಾಕಿಸಿ, ಒಳಗೆ ಕಾಣುವ ಪಾರದರ್ಶಕ ಫಿಲ್ಟರ್ ಕೂರಿಸಿ. ಆ ಫಿಲ್ಟರಿನಲ್ಲಿ ಕಂದು ಪುಡಿ ಸೇರುತ್ತಿದ್ದರೆ ಟ್ಯಾಂಕ್ ಒಳಗೆ ತುಕ್ಕು ಬಿಟ್ಟಿದೆ, ಇಳಿಸಿ ತೊಳೆಸಲೇಬೇಕು. ಸಾಮಾನು ಸಾಗಿಸುವ ಗಾಡಿಗಳಿಗೆ ಯಾವಾಗಲೂ ನೂರು ಇನ್ನೂರರ ಪೆಟ್ರೋಲ್ ಹಾಕಿ ಓಡಿಸುವುದು ವಾಡಿಕೆ. ಖಾಲಿ ಟ್ಯಾಂಕಿನಲ್ಲಿ ತುಕ್ಕು ಬೇಗ, ಕಸವೂ ಬೇಗ ಬಾಯಿಗೆ ಬರುತ್ತದೆ. ಅರ್ಧ ಟ್ಯಾಂಕ್ ಇಟ್ಟು ಒಂದು ವಾರ ಓಡಿಸಿ, ನಿಲ್ಲುವುದು ಕಡಿಮೆಯಾದರೆ ಅದೂ ನೋಟ್‌ಬುಕ್ಕಿಗೆ ಸೇರಲಿ.

ಗ್ಯಾಸ್ ಕಿಟ್ ಇರುವ ಓಮ್ನಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ನಿಮಗೆ ಒಂದು ಅನುಕೂಲ ಇದೆ. ಪೆಟ್ರೋಲಿನಲ್ಲಿ ನಿಂತಾಗ ಗ್ಯಾಸಿಗೆ ಬದಲಿಸಿ. ಗ್ಯಾಸಿನಲ್ಲಿ ಓಡಿದರೆ ದೋಷ ಪೆಟ್ರೋಲ್ ದಾರಿಯಲ್ಲಿದೆ. ಎರಡರಲ್ಲೂ ಓಡದಿದ್ದರೆ ಕರೆಂಟಿನಲ್ಲಿ. ಆದರೆ ಕಿಟ್ ಹಾಕುವವರು ಕಾಯಿಲಿನಿಂದಲೇ ವೈರ್ ಎಳೆದಿರುತ್ತಾರೆ, ಆ ಜಾಯಿಂಟ್ ಮೊದಲು ನೋಡಿ. ಆಮೇಲೆ ಬಂದ, ಕಾರ್ಬುರೇಟರ್ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮುಕಿಸುವ ಎಂಪಿಎಫ್‌ಐ ಗಾಡಿಗಳಿಗೆ ಮೇನ್ ರಿಲೇ, ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್, ಟ್ಯಾಂಕಿನೊಳಗಿನ ಪಂಪ್ ಮುಖ್ಯ. ನಿಂತಾಗ ಸ್ಕ್ಯಾನರ್ ಹಾಕುವುದೇ ಅಲ್ಲಿ ದಾರಿ. ಆದರೆ ಕೀ ಸ್ವಿಚ್, ಅರ್ಥ್, ಹೊಸೆದ ಜಾಯಿಂಟ್ ವಿಷಯ ಅವಕ್ಕೂ ಇದೇ.

ಗಾಡಿ ಮಾರುವ ಮಾತಿಗೆ ಬಂದರೆ, ಎಂಜಿನ್ ಹೊಗೆ ಬಿಡುತ್ತಿಲ್ಲ, ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್, ಬಾಡಿ ತೂತು ಬಿದ್ದಿಲ್ಲ, ಆರ್‌ಸಿ ಮತ್ತು ಫಿಟ್‌ನೆಸ್ ಚಾಲ್ತಿಯಲ್ಲಿದೆ ಅಂದರೆ ಒಂದು ವೈರಿನ ತಪ್ಪಿಗೆ ಅದನ್ನು ಮಾರಬೇಡಿ. ಮಾರಿದರೆ ಸಿಗುವುದು ಕಬ್ಬಿಣದ ಬೆಲೆ, ನಿಮಗೆ ಹೋಗುವುದು ದುಡಿಯುವ ಗಾಡಿ. ಇಷ್ಟು ದಿನ ಹಾಕಿದ ಸಾಮಾನಿನಲ್ಲಿ ಹಳೆಯವು ಮನೆಯಲ್ಲೇ ಇದ್ದರೆ ಎಸೆಯಬೇಡಿ. ಹಳೇ ಕಾಯಿಲ್, ಹಳೇ ಪಂಪ್ ಎರಡೂ ಸರಿಯೇ ಇದ್ದಿರಬಹುದು. ಸೀಸನ್ನಿನಲ್ಲಿ ಅವೇ ಸ್ಟೆಪ್ನಿ.

ದೋಷ ಸಿಗುವವರೆಗೆ ಒಂದೆರಡು ಎಚ್ಚರಿಕೆ. ಮದುವೆ ಸಾಮಾನು ಇಳಿಸಿ ರಾತ್ರಿ ಒಬ್ಬರೇ ವಾಪಸ್ ಬರಬೇಡಿ. ಭತ್ತದ ಲಾರಿ, ಟ್ರ್ಯಾಕ್ಟರ್ ಓಡಾಡುವ ಕತ್ತಲ ರಸ್ತೆಯಲ್ಲಿ ನಿಂತ ಓಮ್ನಿ ಹಿಂದಿನವರಿಗೆ ತಡವಾಗಿ ಕಾಣುತ್ತದೆ. ಪ್ರತಿಫಲಿಸುವ ಕೆಂಪು ತ್ರಿಕೋನ ಗಾಡಿಯಲ್ಲಿರಲಿ, ನಿಂತ ಕೂಡಲೇ ಐವತ್ತು ಹೆಜ್ಜೆ ಹಿಂದೆ ಇಡಿ, ಗಾಡಿಯಲ್ಲಿ ಇರುವವರನ್ನು ರಸ್ತೆಯಿಂದ ಕೆಳಗೆ ಇಳಿಸಿ. ಕಾಲುವೆ ಪಕ್ಕದ ಕಿರಿದಾದ ಏರಿ ಮೇಲೆ ಪರೀಕ್ಷೆ ಮಾಡಲು ಕೂರಬೇಡಿ, ತಳ್ಳಿಯಾದರೂ ಅಗಲದ ಜಾಗಕ್ಕೆ ತನ್ನಿ. ಬೂಸ್ಟರ್ ಇರುವ ಗಾಡಿಯಾದರೆ ಎಂಜಿನ್ ನಿಂತ ಮೇಲೆ ಒಂದೆರಡು ಒತ್ತಿಗೆ ಮಾತ್ರ ಬ್ರೇಕ್ ಹಗುರವಾಗಿರುತ್ತದೆ. ಮತ್ತೆ ಮತ್ತೆ ಒತ್ತದೆ ಒಂದೇ ಸಲ ಗಟ್ಟಿಯಾಗಿ ಹಿಡಿಯಿರಿ.

ಬಲ್ಬ್ ಕಟ್ಟಿದ ಮೇಲೆ ಎರಡು ಸಲ ನಿಂತಾಗಿನ ವಿವರ ಬರೆದು ಕಳಿಸಿ. ಬಲ್ಬ್ ಉರಿಯುತ್ತಿತ್ತೋ ಇಲ್ಲವೋ, ಕೆಂಪು ದೀಪ ಬಂತೋ ಇಲ್ಲವೋ, ಕಿಡಿ ಇತ್ತೋ, ಧಾರೆ ಚಿಮ್ಮಿತೋ, ಈ ನಾಲ್ಕು ಸಾಕು. ಯಾವ ವೈರ್ ಬಿಚ್ಚಬೇಕು ಅನ್ನುವುದನ್ನು ಅಲ್ಲಿಂದ ಮುಂದೆ ಹೇಳುತ್ತೇನೆ.